ಹಕ್ಕಿಗಳ ಪಾಲು

ಕಳೆದ ತಿಂಗಳು ಕಲಘಟಗಿ ತಾಲೂಕಿನ ಒಂದು ಹಳ್ಳಿಯಿಂದ ಸೋದರಿಯೊಬ್ಬರು ನಮಗೊಂದು ಪತ್ರವನ್ನು ಬರೆದಿರುವರು. ಅಡಿಗೆ, ಹೊಲಿಗೆ, ಕೂಸುಗಳ ಆರೈಕೆ ಮೊದಲಾದ ವಿಷಯಗಳನ್ನು ಕುರಿತು ಬರುವ ಪತ್ರಗಳ ನಡುವೆ ಇದು ಬೇರೆ ತರದ್ದಾಗಿ ಕಂಡುಬಂದುದರಿಂದ ಈ ಸಲದ ಮಾತಿಗೆ ಇದನ್ನೇ ಆರಿಸಿಕೊಂಡಿದ್ದೇವೆ. ಪತ್ರದ ಸಾರಾಂಶವು ಹೀಗಿದೆ:

“ನಾನು ಮದುವೆಯಾಗಿ ಬಂದಂದಿನಿಂದ ನೋಡುತ್ತಿದ್ದೇನೆ, ನಮ್ಮ ಅತ್ತೆಯವರು ಬೆಳಿಗ್ಗೆ ಅಂಗಳದ ಸಾರಣೆ, ರಂಗೋಲಿ ಮುಗಿದ ಕೂಡಲೆ ಕಟ್ಟೆಯ ಮೇಲೆ ಒಂದು ಹಿಡಿ ಕಾಳನ್ನು ಚೆಲ್ಲಿ ಬರುವರು. ಮೊದಲು ಕೈ ಹಿಂದೆ ತೆಗೆಯುವಷ್ಟರಲ್ಲಿ ಹಕ್ಕಿಗಳು ಇಳಿಯುತ್ತಿದ್ದವು. ಈಗ ಒಮ್ಮೊಮ್ಮೆ ಕಾಳು ಮಧ್ಯಾಹ್ನದ ವರೆಗೆ ಹಾಗೆಯೇ ಇರುತ್ತದೆ. ಈ ವರ್ಷ ಮೃಗಶಿರಾ ಮಳೆಗೆ ಗೋವಿನಜೋಳವನ್ನು ಬಿತ್ತಿದ ಮರುದಿನ, ಚೀಲದ ತಳದಲ್ಲಿ ಉಳಿದ ಕೆಂಪು ಬಣ್ಣದ ಬೀಜವು ಹಿತ್ತಲಲ್ಲಿ ಚೆಲ್ಲಿತ್ತು. ಮುಂಜಾನೆ ನೋಡಿದರೆ ಎರಡು ಬೆಳವಗಳೂ ಒಂದು ಗೌಜಲಹಕ್ಕಿಯೂ ಸತ್ತು ಬಿದ್ದಿದ್ದವು. ಆರು ವರ್ಷದ ನನ್ನ ಮಗನು ಒಂದು ಬೆಳವವನ್ನು ಎತ್ತಿ ತಂದು, ತೊಡೆಯ ಮೇಲೆ ಇಟ್ಟುಕೊಂಡು, ಅದರ ಬಾಯಿಗೆ ನೀರು ಬಿಡುತ್ತ ಕುಳಿತಿದ್ದನು. ನಾನು ಅದನ್ನು ಕಸಿದು ಬಿಸಾಡಿ ಅವನ ಕೈಗಳನ್ನು ಮೂರು ಸಲ ತೊಳೆದೆನು. ಅವನು ಇಡೀ ದಿವಸ ನನ್ನ ಸಂಗಡ ಮಾತಾಡಲಿಲ್ಲ. ಹಕ್ಕಿಗಳು ಟವರಿನಿಂದ ಸಾಯುತ್ತವೆಂದು ಮೈದುನನು ಹೇಳುವನು. ಕಾಲ ಕೆಟ್ಟಿತೆಂದು ಅತ್ತೆಯವರು ಹೇಳುವರು. ಮನೆಯವರು ಏನೂ ಅನ್ನುವದಿಲ್ಲ. ಹಕ್ಕಿಗಳು ನಿಜವಾಗಿಯೂ ಕಡಿಮೆಯಾಗಿವೆಯೆ? ಆಗಿದ್ದರೆ ಯಾರಿಂದ? ನಾವು ಮಾಡತಕ್ಕದ್ದೇನಾದರೂ ಉಂಟೆ?”

ಈ ಸೋದರಿಯವರು ಕೇಳಿದ ಮೂರು ಪ್ರಶ್ನೆಗಳ ಕ್ರಮವು ನಮಗೆ ಬಹಳ ಮೆಚ್ಚಿಗೆಯಾಯಿತು. ಮೊದಲು ಸಂಗತಿಯು ನಿಜವೋ ಅಲ್ಲವೋ, ಆಮೇಲೆ ಕಾರಣ, ಆಮೇಲೆ ಉಪಾಯ. ನಮ್ಮಲ್ಲಿ ಹೆಚ್ಚಿನವರು ಕಾರಣವನ್ನು ಮೊದಲು ಹೇಳಿಬಿಟ್ಟು, ಅದಕ್ಕೆ ತಕ್ಕ ಸಂಗತಿಯನ್ನು ಆಮೇಲೆ ಹುಡುಕುವರು. ಆದುದರಿಂದ ನಾವೂ ಅದೇ ಕ್ರಮದಲ್ಲಿ ಉತ್ತರ ಕೊಡಲು ಯತ್ನಿಸುವೆವು.

ಹಕ್ಕಿಗಳು ಕಡಿಮೆಯಾಗಿರುವದು ನಿಜ. ಆದರೆ ಎಲ್ಲ ಹಕ್ಕಿಗಳೂ ಅಲ್ಲ. 2023ರಲ್ಲಿ ನಮ್ಮ ದೇಶದ ಹಕ್ಕಿಗಳ ಸ್ಥಿತಿಯನ್ನು ಕುರಿತ ದೊಡ್ಡದೊಂದು ವರದಿಯು ಪ್ರಕಟವಾಯಿತು. ಅದನ್ನು ಸಿದ್ಧಪಡಿಸಿದವರು ವಿಜ್ಞಾನಿಗಳಾದರೂ, ಅದರ ಆಧಾರವಾದ ಮೂರು ಕೋಟಿ ವೀಕ್ಷಣೆಗಳನ್ನು ಒದಗಿಸಿದವರು ದೇಶದ ಸುಮಾರು 30 ಸಾವಿರ ಜನ ಪಕ್ಷಿಪ್ರಿಯರು. ಇವರಲ್ಲಿ ಬಹುಜನರು ಬೇರೆ ಉದ್ಯೋಗದಲ್ಲಿದ್ದು, ಕಂಡ ಹಕ್ಕಿಯನ್ನು ಕಂಡ ದಿನವೇ ಬರೆದಿಟ್ಟವರು. ದೀರ್ಘಕಾಲದ ಏರಿಳಿತವನ್ನು ಹೇಳಲು ಸಾಧ್ಯವಾದ 338 ಜಾತಿಗಳಲ್ಲಿ 204 ಜಾತಿಗಳು ಇಳಿದಿವೆ, 98 ಜಾತಿಗಳು ಇದ್ದಂತೆಯೇ ಇವೆ, 36 ಜಾತಿಗಳು ಹೆಚ್ಚಾಗಿವೆ ಎಂದು ಆ ವರದಿಯಿಂದ ತಿಳಿದುಬರುತ್ತದೆ. ಅಂದರೆ ಐದರಲ್ಲಿ ಮೂರು ಜಾತಿಗಳು ಇಳಿಮುಖವಾಗಿವೆ.

ಹೆಚ್ಚಾದವುಗಳಲ್ಲಿ ನವಿಲು ಮುಖ್ಯವಾದದ್ದು. ಇದನ್ನು ನವಲಗುಂದದ ಕಡೆಯವರಿಗೆ ನಾವು ಹೇಳಬೇಕಾದುದಿಲ್ಲ. ಆ ಊರ ಹೆಸರಿನಲ್ಲಿಯೇ ನವಿಲು ಇದೆಯೆಂದು ಹೇಳುವದುಂಟು. ಅಲ್ಲಿಯ ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತು ನೇಯುವ ಜಮಖಾನೆಗಳ ಮೇಲೂ ನವಿಲು ಇದೆ. ಈಗ ಹೊಲದ ಬದುವಿನ ಮೇಲೂ ಇದೆ. ಗುಬ್ಬಿಯ ವಿಷಯದಲ್ಲಿ ಇನ್ನೊಂದು ವಿಚಿತ್ರವುಂಟು. ಗುಬ್ಬಿಯು ಎಲ್ಲೆಡೆ ಅಳಿದುಹೋಯಿತೆಂದು ನಾವೆಲ್ಲ ಆಡಿಕೊಳ್ಳುತ್ತೇವಷ್ಟೆ. ಆದರೆ ಬೆಂಗಳೂರು, ಮುಂಬಯಿ, ದಿಲ್ಲಿಯಂಥ ಮಹಾನಗರಗಳಲ್ಲಿ ಅದು ಇಳಿದಿದ್ದರೂ, ಒಟ್ಟು ದೇಶದಲ್ಲಿ ಇಪ್ಪತ್ತೈದು ವರ್ಷಗಳಿಂದ ಹೆಚ್ಚು ಕಡಿಮೆ ಸ್ಥಿರವಾಗಿದೆಯೆಂದು 2020ರ ಇಂಥದೇ ವರದಿಯು ಹೇಳಿತ್ತು.

ಹಾಗಾದರೆ ಇಳಿದವು ಯಾವುವು? ಬಯಲಿನಲ್ಲಿ, ಹುಲ್ಲಿನಲ್ಲಿ, ನೆಲದ ಮೇಲೆ ಬಾಳುವವು, ಹುಳಹುಪ್ಪಡಿಗಳನ್ನು ತಿನ್ನುವವು, ಹದ್ದು ಗಿಡುಗಗಳಂತೆ ಮಾಂಸವನ್ನು ತಿನ್ನುವವು, ದೂರ ದೇಶಗಳಿಂದ ಚಳಿಗಾಲಕ್ಕೆ ಬರುವವು. ನಮ್ಮ ರಾಜ್ಯದ ಪಕ್ಷಿಯೆಂದು ಗೌರವಿಸಲ್ಪಟ್ಟ ನೀಲಕಂಠವು ಹನ್ನೆರಡು ವರ್ಷಗಳಲ್ಲಿ ಸುಮಾರು ನೂರಕ್ಕೆ 30ರಷ್ಟು ಇಳಿದಿದೆ. ಅಣ್ಣಿಗೇರಿ, ನವಲಗುಂದ, ಕುಂದಗೋಳಗಳ ಎರೆಬಯಲು ಯಾವ ಬಗೆಯ ಹಕ್ಕಿಗಳ ತವರೋ, ಆ ಬಗೆಯ ಹಕ್ಕಿಗಳೇ ದೇಶದಲ್ಲಿ ಹೆಚ್ಚಾಗಿ ಕುಗ್ಗಿವೆಯೆಂಬದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಇನ್ನು ಕಾರಣದ ಮಾತು. ಟವರಿನ ವಿಚಾರವನ್ನು ಮೊದಲೇ ಮುಗಿಸುವೆವು. ಗುಬ್ಬಿಯ ಇಳಿಕೆಗೆ ಮೊಬೈಲ್ ಟವರೇ ಕಾರಣವೆಂಬದಕ್ಕೆ ಗಟ್ಟಿಯಾದ ಸಾಕ್ಷ್ಯವು ಈ ವರೆಗೆ ದೊರೆತಿಲ್ಲ. ಬ್ರಿಟನ್ನಿನಲ್ಲಿ ಗುಬ್ಬಿಗಳು ಇಳಿಯತೊಡಗಿದ್ದು 1970ರ ದಶಕದ ಕೊನೆಗೆ. ಅಲ್ಲಿ ಮೊಬೈಲ್ ಫೋನು ಬಂದದ್ದು 1985ರಲ್ಲಿ. ಹಿಂದೆ ನಡೆದ ಕೆಲಸಕ್ಕೆ ಮುಂದೆ ಬಂದವನನ್ನು ಹೊಣೆಗಾರನನ್ನಾಗಿ ಮಾಡುವದು ನ್ಯಾಯವಲ್ಲ. ಈ ಮೈದುನನಂಥ ತರುಣರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಟವರಿನ ಮಾತಿನಲ್ಲಿ ಒಂದು ಅಪಾಯವುಂಟು. ಅದನ್ನು ನಿಲ್ಲಿಸಿದವರು ನಾವಲ್ಲ, ಕೆಡಹುವದೂ ನಮ್ಮ ಕೈಯಲ್ಲಿಲ್ಲ. ಹೀಗೆ ಕಾರಣವನ್ನು ನಮ್ಮ ಅಂಗಳದ ಹೊರಗೆ ನಿಲ್ಲಿಸಿಬಿಟ್ಟರೆ ನಮ್ಮ ಮನಸ್ಸಿಗೆ ಸಮಾಧಾನವಾಗುತ್ತದೆ. ಕಾಲ ಕೆಟ್ಟಿತೆಂಬ ಹಿರಿಯರ ಮಾತೂ ಇಂಥದೇ. ಕಾಲವು ತಾನಾಗಿ ಕೆಡುವದಿಲ್ಲ.

ನಿಜವಾದ ಕಾರಣವನ್ನು ಹುಡುಕುವದೆಂದರೆ ಏನೆಂಬದಕ್ಕೆ ರಣಹದ್ದಿನ ಕಥೆಯು ಒಳ್ಳೆಯ ದೃಷ್ಟಾಂತವು. ಊರ ಹೊರಗೆ ಸತ್ತ ದನವನ್ನು ಎಳೆದು ಹಾಕುವ ಜಾಗವೂ, ಅಲ್ಲಿ ರಣಹದ್ದುಗಳು ಸುತ್ತುಗಟ್ಟಿ ಕುಳಿತಿರುತ್ತಿದ್ದುದೂ ಐವತ್ತು ದಾಟಿದ ವಾಚಕರಿಗೆ ನೆನಪಿರಬಹುದು. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದಲ್ಲಿ, ಮುಂಬಯಿಯ ನಿಸರ್ಗ ಇತಿಹಾಸ ಸಂಘದ ವಿಭು ಪ್ರಕಾಶರು ಈ ಹಕ್ಕಿಗಳು ಕತ್ತು ಜೋಲುಬಿಟ್ಟುಕೊಂಡು ಕುಳಿತು ಸಾಯುತ್ತಿರುವದನ್ನು ಗುರುತಿಸಿದರು. ಮುಂದೆ ಎಣಿಸಿ ನೋಡಲಾಗಿ, ಬಿಳಿಬೆನ್ನಿನ ರಣಹದ್ದುಗಳು 1992ರಲ್ಲಿ ಸಾವಿರವಿದ್ದಲ್ಲಿ 2007ರ ಹೊತ್ತಿಗೆ ಒಂದು ಎಂಬಷ್ಟಾಗಿದ್ದವು. ಯಾವುದೋ ಸಾಂಕ್ರಾಮಿಕ ರೋಗವಿರಬೇಕೆಂದು ಮೊದಲು ಬಹುಜನರು ತರ್ಕಿಸಿದರು. ಹೊಲದ ವಿಷವಿರಬೇಕೆಂಬವರೂ ಇದ್ದರು. ಎರಡೂ ತಪ್ಪಾದವು. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ಪರೀಕ್ಷಿಸಿದ ಲಿಂಡ್ಸೆ ಓಕ್ಸ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 2004ರಲ್ಲಿ ಕಾರಣವನ್ನು ಪ್ರಕಟಿಸಿದರು. ಅದು ದನಗಳಿಗೆ ನೋವು ಜ್ವರಗಳಿಗಾಗಿ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವು! ಆ ಔಷಧವನ್ನು ತೆಗೆದುಕೊಂಡ ದನವು ಬೇಗನೆ ಸತ್ತರೆ, ಅದರ ಮಾಂಸವನ್ನು ತಿಂದ ಹದ್ದಿನ ಮೂತ್ರಪಿಂಡಗಳು ಕೆಟ್ಟು ಕೆಲವೇ ದಿನಗಳಲ್ಲಿ ಅದು ಸಾಯುತ್ತಿತ್ತು. ನೂರು ಹೆಣಗಳಲ್ಲಿ ಒಂದರಲ್ಲಿ ಈ ಔಷಧವಿದ್ದರೂ ಇಡೀ ಸಂಕುಲವು ನಾಶವಾಗಲು ಸಾಕಾಗಿತ್ತು.

ಇಲ್ಲಿ ವಿಚಾರಿಸತಕ್ಕ ಸಂಗತಿಯೇನೆಂದರೆ, ಯಾವ ರೈತನೂ ರಣಹದ್ದನ್ನು ಕೊಲ್ಲಬೇಕೆಂದು ಬಗೆದಿರಲಿಲ್ಲ. ತನ್ನ ಎತ್ತಿನ ನೋವನ್ನು ಕಳೆಯಬೇಕೆಂಬ ಕರುಣೆಯಿಂದಲೇ ಅವನು ಆ ಸೂಜಿಯನ್ನು ಹಾಕಿಸಿದನು. ಹದ್ದುಗಳಿಲ್ಲದ ಮೇಲೆ ಸತ್ತ ದನಗಳು ಕೊಳೆತು ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು. 2000ದಿಂದ 2005ರ ವರೆಗೆ ಇದರಿಂದ ದೇಶದಲ್ಲಿ ಸುಮಾರು ಐದು ಲಕ್ಷ ಜನರು ಹೆಚ್ಚಾಗಿ ಸತ್ತಿರಬೇಕೆಂದು ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಅಂದಾಜು ಮಾಡಿರುವರು. ಆದರೆ ಕಾರಣವು ಗೊತ್ತಾದುದರಿಂದ ಉಪಾಯವೂ ಗೊತ್ತಾಯಿತು. 2006ರಲ್ಲಿ ಸರಕಾರವು ದನಗಳಿಗಾಗಿ ಆ ಔಷಧವನ್ನು ತಯಾರಿಸುವದನ್ನು ನಿಷೇಧಿಸಿತು. ಹದ್ದಿಗೆ ಅಪಾಯವಿಲ್ಲದ ಮೆಲೊಕ್ಸಿಕಾಮ್ ಎಂಬ ಔಷಧವು ಅದರ ಬದಲಿಗೆ ಬಂದಿತು. 2012ರಲ್ಲಿ ನಮ್ಮ ರಾಜ್ಯದ ರಾಮನಗರದ ರಾಮದೇವರ ಬೆಟ್ಟವು ರಣಹದ್ದುಗಳ ಅಭಯಧಾಮವಾಯಿತು. ಹೋದ ಹಕ್ಕಿಗಳು ಮರಳಿ ಬರಲಿಲ್ಲ, ಆದರೆ ಸಾವಿನ ವೇಗವು ಇಳಿಯಿತು.

ಈಗ ನಮ್ಮ ಹೊಲಕ್ಕೆ ಬರೋಣ. ಬೆಳೆಗೆ ವಿಷವನ್ನು ಸಿಂಪಡಿಸುವದಕ್ಕೆ ನಮ್ಮ ಕಡೆಗೆ “ಎಣ್ಣೆ ಹೊಡೆಯುವದು” ಎನ್ನುವರು, ಇಲ್ಲವೆ “ಔಷಧ ಹೊಡೆಯುವದು” ಎನ್ನುವರು. ವಿಷಕ್ಕೆ ವಿಷವೆಂಬ ಹೆಸರನ್ನು ನಾವು ಬಳಸುವದೇ ಇಲ್ಲ. ಎರೆನೆಲದಲ್ಲಿ ಹಿಂದೆ ಬೆಳೆಯುತ್ತಿದ್ದ ಜಯಧರದಂಥ ನಾಡಹತ್ತಿಗೆ ಹುಳದ ಕಾಟವು ಕಡಿಮೆ. ಧಾರವಾಡದ ಸಂಶೋಧನೆಯಿಂದಲೇ ಹೊರಬಂದ ವರಲಕ್ಷ್ಮಿ (1972), ಜಯಲಕ್ಷ್ಮಿ (1981) ಎಂಬ ಮಿಶ್ರತಳಿಗಳು ರೈತನ ಕೈಗೆ ಹೆಚ್ಚು ಹಣವನ್ನು ಕೊಟ್ಟವು, ಅದರೊಡನೆ ಹುಳವನ್ನೂ ತಂದವು. ಒಂದೇ ಬೆಳೆಗೆ ಹತ್ತಾರು ಸಲ ಎಣ್ಣೆ ಹೊಡೆಯುವ ರೂಢಿಯು ಆಗ ಬಿದ್ದಿತು. ಕುಂದಗೋಳದ ಕಡೆಯ ಮೆಣಸಿನಕಾಯಿಯ ಹೊಲಗಳಲ್ಲಿಯೂ ಹೀಗೆಯೇ ಆಗಿದೆ.

ವಿಷದಿಂದ ಹಕ್ಕಿಗೆ ಎರಡು ತರದ ಕೇಡುಗಳುಂಟು. ಒಂದು ಕಣ್ಣಿಗೆ ಕಾಣುವದು, ಇನ್ನೊಂದು ಕಾಣದಿರುವದು. ಕಾಣುವದೆಂದರೆ ನಮ್ಮ ಸೋದರಿಯವರ ಹಿತ್ತಲಲ್ಲಿ ಆದದ್ದು. ಬೀಜಕ್ಕೆ ಹಚ್ಚಿದ ಕೆಂಪು ಬಣ್ಣವು ಅಂದಕ್ಕಾಗಿ ಹಚ್ಚಿದ್ದಲ್ಲ. ಇದರಲ್ಲಿ ವಿಷವಿದೆ, ತಿನ್ನಬೇಡಿರೆಂದು ಮನುಷ್ಯನಿಗೆ ಹೇಳಲಿಕ್ಕೆ ಹಚ್ಚಿದ್ದು. ಬೆಳವಕ್ಕೆ ಆ ಭಾಷೆಯು ತಿಳಿಯುವದಿಲ್ಲ. ಇತ್ತೀಚೆಗೆ ಬಂದ ಕೆಲವು ಬೀಜವಿಷಗಳನ್ನು ಲೇಪಿಸಿದ ಗೋವಿನಜೋಳದ ಒಂದೇ ಕಾಳು ಚಿಕ್ಕ ಹಕ್ಕಿಯೊಂದನ್ನು ಕೊಲ್ಲಬಲ್ಲದೆಂದು ಅಮೆರಿಕದ ಪಕ್ಷಿರಕ್ಷಣ ಸಂಸ್ಥೆಯೊಂದು 2013ರಲ್ಲಿ ಎಚ್ಚರಿಸಿತ್ತು.

ಕಾಣದ ಕೇಡು ಇದಕ್ಕಿಂತ ದೊಡ್ಡದು. ಗುಬ್ಬಿಯು ಕಾಳು ತಿನ್ನುವ ಹಕ್ಕಿಯೆಂದು ನಾವು ತಿಳಿದಿರುವೆವು. ಆದರೆ ಅದರ ಮರಿಗೆ ಮೊದಲ ದಿನಗಳಲ್ಲಿ ಕಾಳು ಜೀರ್ಣವಾಗುವದಿಲ್ಲ. ಮೆತ್ತಗಿನ ಹುಳುಗಳನ್ನೇ ತಾಯಿಯು ತಂದು ಉಣಿಸಬೇಕು. ಎಳೆಗೂಸಿಗೆ ರೊಟ್ಟಿಯನ್ನು ಕೊಟ್ಟರೆ ಬದುಕುವದೆ? ಹೊಲದಲ್ಲಿ ಹುಳವೇ ಇಲ್ಲವಾದರೆ ಕಟ್ಟೆಯ ಮೇಲೆ ಎಷ್ಟು ಕಾಳು ಚೆಲ್ಲಿದರೂ ಮರಿಗಳು ಗೂಡಿನಲ್ಲಿಯೇ ಸಾಯುವವು. ಬೆಳವದಂಥ ಕೆಲವನ್ನು ಬಿಟ್ಟರೆ ಕಾಳು ತಿನ್ನುವ ಹಕ್ಕಿಗಳಲ್ಲಿ ಹೆಚ್ಚಿನವುಗಳ ಸ್ಥಿತಿಯು ಹೀಗೆಯೇ ಇದೆ. ಕಳೆನಾಶಕವಂತೂ ಹುಲ್ಲನ್ನೂ ಹುಲ್ಲಿನ ಬೀಜವನ್ನೂ ಒಟ್ಟಿಗೆ ತೆಗೆದುಬಿಡುತ್ತದೆ. ಬುರ್ಲಿ, ನೆಲಗುಬ್ಬಿಗಳು ಆ ಬೀಜವನ್ನೇ ನಂಬಿ ಬಾಳುವವು.

ಹಕ್ಕಿಗೆ ಆದದ್ದು ನಮಗೇಕೆ ಆಗುವದೆಂದು ಕೇಳುವವರುಂಟು. ಅವರಿಗಾಗಿ ಒಂದೇ ವಿಷದ ಎರಡು ಸಂಗತಿಗಳನ್ನು ಹೇಳುವೆವು. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವು ನಮ್ಮ ಹತ್ತಿಯ ಹೊಲಗಳಲ್ಲಿ ಬಹುಕಾಲ ಮನೆಮಾತಾಗಿತ್ತು. ದಕ್ಷಿಣ ಅಮೆರಿಕದ ಅರ್ಜೆಂಟೀನದಲ್ಲಿ 1995-96ರ ಸುಮಾರಿಗೆ ಈ ವಿಷವನ್ನು ಮಿಡತೆಗಳ ಮೇಲೆ ಸಿಂಪಡಿಸಿದರು. ಉತ್ತರ ಅಮೆರಿಕದಿಂದ ವಲಸೆ ಬಂದ ಗಿಡುಗಗಳು ಆ ಮಿಡತೆಗಳನ್ನು ತಿಂದು ಸಾವಿರಗಟ್ಟಲೆ ಸತ್ತವು. ಅಲ್ಲಿ ಆ ವಿಷದ ಬಳಕೆಯನ್ನು ಬಿಡಿಸಿದ ಮೇಲೆ ಅಂಥ ಸಾವುಗಳು ತೀರ ಇಳಿದವು. ಮಧ್ಯ ಏಶಿಯದಿಂದ ಚಳಿಗಾಲಕ್ಕೆ ನಮ್ಮ ಎರೆಬಯಲಿಗೆ ಬರುವ ಗಿಡುಗಗಳೂ ಮಿಡತೆಗಳನ್ನೇ ತಿನ್ನುವವೆಂಬದನ್ನು ಇಲ್ಲಿ ನೆನೆಯಬೇಕು. ನಮ್ಮ ದೇಶದಲ್ಲಿ 2005ರಲ್ಲಿ ತರಕಾರಿಯ ಮೇಲೆ ಇದರ ಬಳಕೆಯನ್ನು ನಿಷೇಧಿಸಿದರು. ಆದರೆ ಹತ್ತಿಯ ಹೊಲದಲ್ಲಿ ಅದು ನಡೆದೇ ಇತ್ತು. 2013ರಲ್ಲಿ ಬಿಹಾರದ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನುಂಡು 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಇದೇ ವಿಷವು ಬೆರೆತಿತ್ತು. ವಿಷದ ಡಬ್ಬಿಯಲ್ಲಿ ಆ ಎಣ್ಣೆಯನ್ನು ಇಟ್ಟಿದ್ದರೆಂದು ವಿಚಾರಣೆಯಲ್ಲಿ ಹೊರಬಿದ್ದಿತು. ವಿಷವನ್ನು ಎಣ್ಣೆಯೆಂದು ಕರೆಯುವ ನಾವು ಇದನ್ನು ಮರೆಯಕೂಡದು. ಆ ಸೋದರಿಯವರು ಮಗನ ಕೈಗಳನ್ನು ಮೂರು ಸಲ ತೊಳೆದದ್ದು ಅತಿಯಾದ ಭಯವಲ್ಲ, ಸರಿಯಾದ ತಿಳುವಳಿಕೆಯು.

ಮೂರನೆಯ ಕಾರಣವು ನೆಲದ್ದು. ಎರೆಭೂತವೆಂಬ ದೊಡ್ಡ ಹಕ್ಕಿಯ ಹೆಸರನ್ನು ಹಿರಿಯರು ಕೇಳಿರಬಹುದು. ಎರೆಬಯಲಿನ ಹಕ್ಕಿಯಾದುದರಿಂದ ಆ ಹೆಸರು. ಆಳಿನ ಎದೆಮಟ್ಟ ಎತ್ತರವಾದರೂ ನೆಲದ ಮೇಲೆಯೇ, ವರ್ಷಕ್ಕೆ ಬಹುಶಃ ಒಂದೇ ಮೊಟ್ಟೆಯನ್ನಿಡುವದು. ಈಗ ಇಡೀ ದೇಶದಲ್ಲಿ ನೂರೈವತ್ತಕ್ಕಿಂತ ಹೆಚ್ಚಿನವು ಉಳಿದಿರಲಾರವು. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಗೆ ಬೆರಳಿನಿಂದ ಎಣಿಸುವಷ್ಟು ಮಾತ್ರ ಕಂಡುಬಂದಿವೆ. 1974ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿಯೇ ಇದ್ದ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಅಭಯಾರಣ್ಯವನ್ನು ಮಾಡಿದರು. ಎರೆಭೂತಕ್ಕೂ ಅದು ಆಶ್ರಯವಾಗಿತ್ತು. ಆದರೆ ಅಲ್ಲಿಯ ಹುಲ್ಲುಗಾವಲಿನ ಬಹುಭಾಗದಲ್ಲಿ ನೀಲಗಿರಿ ಗಿಡಗಳು ಬೆಳೆದು ನಿಂತವು. ಗಿಡವೆಂದರೆ ಒಳ್ಳೆಯದೆಂದು ನಾವೆಲ್ಲ ನಂಬಿದ್ದೇವೆ. ಆದರೆ ನಾಲ್ಕೂ ದಿಕ್ಕು ಕಾಣುವ ಬಯಲಿನಲ್ಲಿ ಬಾಳುವ ಹಕ್ಕಿಗೆ ಗಿಡಗಳ ಸಾಲು ಮನೆಯಲ್ಲ. ಎರೆಭೂತವು ಅಲ್ಲಿಂದ ಕಾಣದಾಯಿತು. ಇನ್ನುಳಿದ ಕಡೆಗಳಲ್ಲಿ ವಿದ್ಯುತ್ತಿನ ತಂತಿಗಳಿಗೆ ಬಡಿದು ಸಾಯುವದೇ ಅದಕ್ಕೆ ಬಂದ ದೊಡ್ಡ ಗಂಡಾಂತರವಾಗಿದೆ. ಅದಕ್ಕೆ ಎದುರಿಗಿದ್ದದ್ದು ಚೆನ್ನಾಗಿ ಕಾಣುವದಿಲ್ಲ, ಮೈಭಾರವಾದುದರಿಂದ ಒಮ್ಮೆಲೆ ಹೊರಳಲೂ ಆಗುವದಿಲ್ಲ.

ನಮ್ಮ ತಾಲೂಕುಗಳಲ್ಲಿ ನೆಲವು ಬದಲಾದದ್ದು ಮೆಲ್ಲಮೆಲ್ಲನೆ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು ಮಲಪ್ರಭೆಯ ಕಾಲುವೆ ನೀರು ನವಲಗುಂದದ ಕಡೆಗೆ ಹರಿಯಿತು. ಬರಗಾಲವನ್ನುಂಡ ನಾಡಿಗೆ ನೀರು ಬಂದದ್ದನ್ನು ತಪ್ಪೆನ್ನುವವರು ನಾವಲ್ಲ. ಆದರೆ ವರ್ಷಕ್ಕೊಂದು ಬೆಳೆಯನ್ನು ಕೊಟ್ಟು ಉಳಿದ ಕಾಲ ಬಿಡುವಾಗಿರುತ್ತಿದ್ದ ಹೊಲವು ಈಗ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಎಂದು ಬಿಡುವಿಲ್ಲದೆ ದುಡಿಯುತ್ತದೆ. ಟ್ರಾಕ್ಟರಿನ ಅನುಕೂಲಕ್ಕೆ ಬದುಗಳು ಸಣ್ಣವಾದವು. ಬದುವಿನ ಮೇಲಿನ ಬನ್ನಿ, ಜಾಲಿಗಳು ಹೋದವು. ಬೆಣ್ಣೆಹಳ್ಳದ ದಂಡೆಯ ಹುಲ್ಲೂ ಪೊದೆಯೂ ಸಾಗುವಳಿಗೆ ಬಂದವು. ನೀಲಕಂಠಕ್ಕೆ ಗೂಡಿಗೆ ಮರದ ಪೊಟರೆ ಬೇಕು, ಗೌಜಲಿಗೆ ಅಡಗಲು ಪೊದೆ ಬೇಕು, ಟಿಟ್ಟಿಭಕ್ಕೆ ಮೊಟ್ಟೆಯಿಡಲು ಯಾರೂ ತುಳಿಯದ ಒಂದು ಚೂರು ನೆಲ ಬೇಕು. ನಾವು ತೆಗೆದದ್ದು ನಮ್ಮ ಲೆಕ್ಕದಲ್ಲಿ ಒಂದೆರಡು ಗುಂಟೆ ಬದು, ಅವುಗಳ ಲೆಕ್ಕದಲ್ಲಿ ಇಡೀ ಮನೆ. ನಮ್ಮ ಮನೆಗಳೂ ಬದಲಾದವು. ಮಣ್ಣಿನ ಮಾಳಿಗೆಯ ಜಂತಿಯ ಸಂದಿಯಲ್ಲಿ ಗುಬ್ಬಿಗೆ ಜಾಗವಿತ್ತು. ಸಿಮೆಂಟಿನ ಚತ್ತಿನಲ್ಲಿ ಬೆರಳು ತೂರುವಷ್ಟೂ ಸಂದಿಯಿಲ್ಲ. ತಿಂಗಳಗಟ್ಟಲೆ ಕಣದಲ್ಲಿ ರಾಶಿ ನಡೆದು ನೆಲದ ಮೇಲೆ ಉದುರಿ ಉಳಿಯುತ್ತಿದ್ದ ಕಾಳು, ಯಂತ್ರವು ಬಂದ ಮೇಲೆ ಒಂದೇ ದಿನದಲ್ಲಿ ಚೀಲ ಸೇರುತ್ತದೆ.

ಇಷ್ಟನ್ನು ಓದಿ ರೈತರಾದ ವಾಚಕರು, “ಎಲ್ಲ ತಪ್ಪನ್ನೂ ನಮ್ಮ ಮೇಲೆಯೇ ಹೊರಿಸಿದಿರಿ, ನವಿಲುಗಳು ಬಿತ್ತಿದ ಬೀಜವನ್ನು ಕೆದರಿ ತಿನ್ನುವಾಗ ನೀವೆಲ್ಲಿದ್ದಿರಿ?” ಎಂದು ಕೇಳಬಹುದು. ಈ ಸಿಟ್ಟು ನ್ಯಾಯವಾದದ್ದು. ನವಿಲು 1963ರಿಂದ ರಾಷ್ಟ್ರಪಕ್ಷಿಯಾಗಿದೆ. 1972ರ ವನ್ಯಜೀವಿ ಕಾಯಿದೆಯ ಮೇರೆಗೆ ಅದನ್ನು ಕೊಲ್ಲುವದು ದೊಡ್ಡ ಅಪರಾಧವು. ಅದನ್ನು ನೋಡಿ ಸಂತೋಷಪಡುವವರು ದೇಶದ ಜನರೆಲ್ಲ, ಅದಕ್ಕೆ ಉಣಿಸುವವನು ಮಾತ್ರ ಎರಡೆಕರೆಯ ರೈತನೊಬ್ಬನೇ. ಈ ಭಾರವನ್ನು ಸರಕಾರವೂ ಸಮಾಜವೂ ಹಂಚಿಕೊಳ್ಳಬೇಕೆಂದು ನಾವು ಒಪ್ಪುವೆವು. ಆದರೆ ಸಿಟ್ಟಿನಿಂದ ಬದುವಿನ ಮೇಲೆ ವಿಷದ ಕಾಳನ್ನು ಇಡುವ ಕೆಲಸವು ಮಾತ್ರ ನ್ಯಾಯವಲ್ಲ. ಆ ಕಾಳನ್ನು ನವಿಲೊಂದೇ ತಿನ್ನುವದಿಲ್ಲ. ಬೆಳೆಯ ಹುಳವನ್ನು ತಿಂದು ನಮಗೆ ಕೂಲಿಯಿಲ್ಲದೆ ದುಡಿಯುವ ಗೊರವಂಕವೂ ತಿನ್ನುವದು, ಮನೆಯ ಕೋಳಿಯೂ ತಿನ್ನುವದು. ಹಕ್ಕಿಯನ್ನು ಶತ್ರುವೆಂದು ಎಣಿಸಿದುದರ ಫಲವನ್ನು ಚೀನ ದೇಶವು ಉಂಡಿದೆ. ಅಲ್ಲಿ 1958ರಲ್ಲಿ ಗುಬ್ಬಿಗಳು ಕಾಳು ತಿನ್ನುವವೆಂದು ಜನರೆಲ್ಲ ತಟ್ಟೆ ಬಡಿದು, ಅವು ಎಲ್ಲಿಯೂ ಕೂಡ್ರದಂತೆ ಅಟ್ಟಿ ಕೊಂದರು. ಹುಳಗಳು ಬೆಳೆಗಳ ಮೇಲೆ ಏರಿಬಂದವು. 1960ರಲ್ಲಿ ಸರಕಾರವೇ ಗುಬ್ಬಿಯ ಹೆಸರನ್ನು ಶತ್ರುಗಳ ಯಾದಿಯಿಂದ ತೆಗೆದುಹಾಕಬೇಕಾಯಿತು. ನಮ್ಮ ಹಿರಿಯರು ಜೋಳದ ತೆನೆಗಟ್ಟಿದಾಗ ಹೊಲದಲ್ಲಿ ಅಟ್ಟಣಿಗೆಯನ್ನು ಹಾಕಿ, ಕವಣೆ ಬೀಸಿ, ಕೂಗು ಹಾಕಿ ಹಕ್ಕಿಗಳನ್ನು ಅಟ್ಟುತ್ತಿದ್ದರು. ಅಟ್ಟುವದಕ್ಕೂ ಕೊಲ್ಲುವದಕ್ಕೂ ಇರುವ ಅಂತರವು ಅವರಿಗೆ ಗೊತ್ತಿತ್ತು.

ಕೊನೆಯ ಪ್ರಶ್ನೆಯು ಉಳಿಯಿತು: ಮಾಡತಕ್ಕದ್ದೇನಾದರೂ ಉಂಟೆ? ಉಂಟು. ದೊಡ್ಡ ಕೆಲಸಗಳು ಸರಕಾರದವು. ಇಲ್ಲಿ ಗೃಹಸ್ಥರ ಕೈಯಲ್ಲಿರುವ ಕೆಲವನ್ನಷ್ಟೇ ಹೇಳುವೆವು.

ಬಣ್ಣ ಹಚ್ಚಿದ ಬೀಜವನ್ನು ಬಿತ್ತಿದ ಮೇಲೆ ಮಣ್ಣಿನಿಂದ ಚೆನ್ನಾಗಿ ಮುಚ್ಚಬೇಕು. ಹೊಲದ ತುದಿಯಲ್ಲಿಯೂ ಹಿತ್ತಲಲ್ಲಿಯೂ ಚೆಲ್ಲಿದ್ದನ್ನು ಅಂದೇ ಬಳಿದು ಆಳವಾಗಿ ಹೂಳಬೇಕು. ಉಳಿದ ಬೀಜವನ್ನು ಕೋಳಿಗಾಗಲಿ ದನಕ್ಕಾಗಲಿ ಹಾಕಕೂಡದು. ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟಕೂಡದು, ಮಕ್ಕಳಿಗೂ ಇದನ್ನು ಕಲಿಸಬೇಕು. ವಿಷದ ಡಬ್ಬಿ ಬಾಟಲಿಗಳು ಎಷ್ಟು ಗಟ್ಟಿಮುಟ್ಟಾಗಿದ್ದರೂ ತೊಳೆದು ಮನೆಬಳಕೆಗೆ ತರಕೂಡದು.

ಹುಳವನ್ನು ಕಂಡ ಕೂಡಲೆ ಅಂಗಡಿಗೆ ಓಡದೆ, ಎಷ್ಟು ಹುಳಕ್ಕೆ ಎಷ್ಟು ನಷ್ಟವೆಂಬದನ್ನು ಕೃಷಿ ಇಲಾಖೆಯವರಲ್ಲಿ ಇಲ್ಲವೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರಲ್ಲಿ ಕೇಳಿ ಆಮೇಲೆ ನಿಶ್ಚಯಿಸಬೇಕು. ವಿಷವನ್ನು ಮಾರುವವನ ಸಲಹೆಯು ಪುಕ್ಕಟೆಯಾದದ್ದೆಂದು ತಿಳಿಯಬಾರದು. ಒಂದು ಸಲದ ಎಣ್ಣೆ ಉಳಿದರೆ ಹಣವೂ ಉಳಿಯಿತು, ಹಕ್ಕಿಯ ಮರಿಯ ಊಟವೂ ಉಳಿಯಿತು.

ದನಕ್ಕೆ ಜ್ವರ ಬಂದರೆ ಮೆಲೊಕ್ಸಿಕಾಮನ್ನು ಕೊಡಿರೆಂದು ಪಶುವೈದ್ಯರನ್ನು ಕೇಳಬೇಕು. 2023ರಲ್ಲಿ ಅಸಿಕ್ಲೊಫೆನಾಕ್, ಕೀಟೊಪ್ರೊಫೆನ್ ಎಂಬ ಇನ್ನೆರಡು ಔಷಧಗಳನ್ನೂ ದನಗಳಿಗೆ ಕೊಡದಂತೆ ನಿಷೇಧಿಸಲಾಗಿದೆ. ಮನುಷ್ಯರಿಗಾಗಿ ತಂದ ನೋವಿನ ಔಷಧವನ್ನು ದನಕ್ಕೆ ಹಾಕುವ ಅಭ್ಯಾಸವನ್ನು ಬಿಡಬೇಕು.

ಹೊಲದಲ್ಲಿ ಒಂದು ಬದುವನ್ನಾದರೂ ಸವರದೆ, ಸುಡದೆ ಬಿಡಬೇಕು. ಅದರ ಮೇಲೆ ಒಂದು ಬನ್ನಿಯೋ ಜಾಲಿಯೋ ಇದ್ದರೆ ಕಡಿಯದಿರಬೇಕು. ಪೊಟರೆಯಿರುವ ಹಳೆಯ ಮರವು ಸೌದೆಯ ಬೆಲೆಗಿಂತ ಹೆಚ್ಚಿನದು. ಮನೆ ಕಟ್ಟಿಸುವಾಗ ಗೋಡೆಯಲ್ಲಿ ಒಂದು ಗೂಡು ಬಿಡಿಸಿದರೆ ಗೌಂಡಿಗೆ ಹೆಚ್ಚಿನ ಕೂಲಿ ಬೀಳುವದಿಲ್ಲ. ಬೇಸಗೆಯಲ್ಲಿ ಮಣ್ಣಿನ ಅಗಲ ಪಾತ್ರೆಯಲ್ಲಿ ನೀರನ್ನಿಟ್ಟು ದಿನಾಲು ತಿಕ್ಕಿ ಬದಲಿಸಬೇಕು.

ಇನ್ನೊಂದು ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಹುದು. ಒಂದು ನೋಟುಬುಕ್ಕಿನಲ್ಲಿ ತಿಂಗಳಿಗೊಂದು ದಿನ, ಕಾಲು ಗಂಟೆ ಕುಳಿತು, ಅಂಗಳದಿಂದ ಕಂಡ ಹಕ್ಕಿಗಳ ಹೆಸರನ್ನೂ ಸಂಖ್ಯೆಯನ್ನೂ ತಾರೀಖು ಹಾಕಿ ಬರೆಯಲಿ. ಮೇಲೆ ಹೇಳಿದ ದೊಡ್ಡ ವರದಿಯು ಇಂಥ ಚಿಕ್ಕ ಲೆಕ್ಕಗಳು ಕೂಡಿಯೇ ಆಯಿತು. ಬರೆದಿಟ್ಟವರ ಮನೆಯಲ್ಲಿ ಟವರೋ ಕಾಲವೋ ಎಂಬ ವಾದವು ನಡೆಯುವದಿಲ್ಲ.

ಕಲಘಟಗಿಯ ಸೋದರಿಯವರಿಗೆ ಒಂದು ಮಾತನ್ನು ಬೇರೆಯಾಗಿ ಹೇಳಬೇಕಾಗಿದೆ. ನಿಮ್ಮ ಅತ್ತೆಯವರು ಕಾಳು ಚೆಲ್ಲುವದನ್ನು ನಿಲ್ಲಿಸಗೊಡಬೇಡಿರಿ. ಮನೆಯವರು ಏನೂ ಅನ್ನಲಿಲ್ಲವೆಂದು ಬರೆದಿರುವಿರಿ. ಹಿತ್ತಲಲ್ಲಿ ಬಿದ್ದ ಮೂರು ಹಕ್ಕಿಗಳನ್ನು ಕಂಡು ಏನೂ ಅನ್ನಲಾರದವರು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲೂಬಹುದು. ಮುಂದಿನ ಬಿತ್ತಿಗೆಯ ಹೊತ್ತಿಗೆ ಬೀಜದ ಚೀಲವನ್ನು ಎಲ್ಲಿ ಬಿಚ್ಚಬೇಕು, ಉಳಿದದ್ದನ್ನು ಎಲ್ಲಿ ಹೂಳಬೇಕೆಂಬದನ್ನು ಈಗಲೇ ಇಬ್ಬರೂ ಕೂಡಿ ಮಾತಾಡಿ ಗೊತ್ತುಮಾಡಿರಿ. ಮಗನಿಗೂ ನಿಜವನ್ನೇ ಹೇಳಿರಿ. ಹಕ್ಕಿಯು ನಮ್ಮ ಬೀಜದಿಂದ ಸತ್ತಿತು, ನಾವು ತಿಳಿಯದೆ ಮಾಡಿದೆವು, ಇನ್ನು ಹಾಗೆ ಮಾಡುವದಿಲ್ಲ ಎಂದು ತಾಯಿಯೇ ಹೇಳಿದರೆ ಅವನಿಗೆ ತಿಳಿಯದಿರದು.

ಎಳ್ಳ ಅಮಾವಾಸ್ಯೆಯ ದಿವಸ ನಾವು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಉಣ್ಣುವದಕ್ಕೆ ಮೊದಲು ಸುತ್ತಲೂ ಚರಗ ಚೆಲ್ಲುವೆವಷ್ಟೆ. ನೆಲದ ಮೇಲೆ ಬಿದ್ದ ಆ ಅನ್ನವನ್ನು ಹಕ್ಕಿಗಳೂ ಹುಳಗಳೂ ಉಣ್ಣುವವು. ಬೆಳೆದದ್ದೆಲ್ಲ ತನ್ನದೇ ಅಲ್ಲವೆಂದು ಒಪ್ಪಿಕೊಂಡ ರೈತನು ಮಾಡಿದ ಪದ್ಧತಿಯಿದು. ಈ ಸಲ ಚರಗ ಚೆಲ್ಲುವ ಮೊದಲು, ಅದು ಬೀಳುವ ನೆಲದ ಮೇಲೆ ಹಿಂದಿನ ವಾರ ಏನನ್ನು ಸಿಂಪಡಿಸಿದ್ದೆವೆಂಬದನ್ನು ಪ್ರತಿಯೊಬ್ಬ ಗೃಹಸ್ಥನೂ ಒಂದು ಕ್ಷಣ ನಿಂತು ನೆನೆಯಲೆಂದು ನಾವು ಕೇಳಿಕೊಳ್ಳುವೆವು.